ಹಳೇ ಡೀಸೆಲ್ ಕಾರು ಇಟ್ಟುಕೊಂಡಿರುವ ನಮ್ಮ ಗ್ರಾಹಕರಿಗೆ

ಮಂಡ್ಯ

ಮಾನ್ಯ ಗ್ರಾಹಕ ಬಂಧುಗಳೇ,

ನಮಸ್ಕಾರ. ಬರುವ ತಿಂಗಳ ಮೊದಲ ಭಾನುವಾರದಿಂದ ನಮ್ಮ ಮೆಕ್ಯಾನಿಕ್‌ಗಳ ಸಹಕಾರ ಸಂಘದ ವರ್ಕ್‌ಶಾಪಿನಲ್ಲಿ ಕೆಲವು ಪದ್ಧತಿಗಳು ಬದಲಾಗುತ್ತಿವೆ. ಅವೇನೆಂದು ಮೊದಲೇ ಹೇಳಿಬಿಡುತ್ತೇವೆ, ಕಾರಣ ಆಮೇಲೆ.

ಕಾಮನ್ ರೈಲ್ (ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರಿಗೂ ಅತಿ ಒತ್ತಡದ ಡೀಸೆಲ್ ಹಂಚುವ) ಬಗೆಯ ಡೀಸೆಲ್ ಗಾಡಿಗಳ ಇಂಜೆಕ್ಟರ್ (ಎಂಜಿನ್ನೊಳಗೆ ಡೀಸೆಲ್ ಚಿಮ್ಮಿಸುವ ಭಾಗ), ಹೈ ಪ್ರೆಶರ್ ಪೈಪ್ ಮತ್ತು ಪಂಪನ್ನು ಇನ್ನು ಕೌಂಟರಿನಲ್ಲಿ ಕೈಗೆ ಕೊಡುವುದಿಲ್ಲ. ಗಾಡಿ ಇಲ್ಲಿಗೆ ಬರಬೇಕು, ನಮ್ಮ ಮೆಕ್ಯಾನಿಕ್ಕೇ ಬಿಚ್ಚಿ ಹಾಕಬೇಕು. ಆ ಭಾಗದ ಕೆಲಸವನ್ನು ಫೋನಿನಲ್ಲಿ ಹೇಳಿಕೊಡುವುದನ್ನೂ ನಿಲ್ಲಿಸುತ್ತೇವೆ. ಬರೀ ಜಾಕಿ ಬಾಡಿಗೆಗೆ ಸಿಗುವುದಿಲ್ಲ. ಜೊತೆಗೆ ಎತ್ತಿದ ಗಾಡಿಯ ಭಾರ ಹೊರುವ ಎರಡು ಸ್ಟ್ಯಾಂಡು, ಚಕ್ರಕ್ಕೆ ಅಡ್ಡ ಕೊಡುವ ಎರಡು ಮರದ ತುಂಡು ತೆಗೆದುಕೊಂಡು ಹೋಗಲೇಬೇಕು. ಬಾಡಿಗೆ ಮಾತ್ರ ಮೊದಲಿನಷ್ಟೇ. ಇನ್ನೊಂದು, ಪ್ರತಿ ಭಾನುವಾರ ಬೆಳಿಗ್ಗೆ 8ರಿಂದ ಮಧ್ಯಾಹ್ನ 1ರವರೆಗೆ ಗಾಡಿ ನಿಲ್ಲಿಸಿ ಕೆಲಸ ಮಾಡುವ ಒಂದು ಬೇ ನಿಮಗಾಗಿ ತೆರೆದಿರುತ್ತದೆ. ಗಾಡಿ ನಿಮ್ಮದು, ಕೈ ನಿಮ್ಮದು, ಪಕ್ಕದಲ್ಲಿ ನಮ್ಮ ಹಿರಿಯ ಮೆಕ್ಯಾನಿಕ್ ಒಬ್ಬರು ನಿಂತಿರುತ್ತಾರೆ.

ನಮ್ಮಲ್ಲಿಗೆ ಬರುವ ಕೆಎ-11 ನಂಬರಿನ ಗಾಡಿಗಳನ್ನು ನೋಡಿದರೆ ಕಾರಣ ಗೊತ್ತಾಗುತ್ತದೆ. ಇಂಡಿಕಾ, ಕ್ವಾಲಿಸ್, ಬೊಲೆರೊ, ಸ್ವಿಫ್ಟ್ ಡೀಸೆಲ್, ಮೊದಲ ಇನ್ನೋವಾ. ಬಹುಪಾಲು ಗಾಡಿಗಳಿಗೆ ಹತ್ತು ವರ್ಷ ದಾಟಿದೆ, ಎಷ್ಟೋ ಗಾಡಿ ಹದಿನೈದನ್ನೂ ದಾಟಿವೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಎಂಬ ಹೊಗೆ ನಿಯಮ ಬಂದಾಗ ಮಾರುತಿ ಡೀಸೆಲ್ ಕಾರುಗಳನ್ನು ಕೈಬಿಟ್ಟಿತು. ಸಣ್ಣ ಡೀಸೆಲ್ ಕಾರು ಹೊಸದಾಗಿ ಸಿಗುವುದೇ ಅಪರೂಪವಾಯಿತು. ಹಾಗಾಗಿ ಇರುವುದನ್ನೇ ಜೋಪಾನ ಮಾಡಿಕೊಂಡು ಓಡಿಸುತ್ತಿದ್ದೀರಿ. ಅದು ಸರಿಯಾದ ದಾರಿ ಎಂಬುದೇ ನಮ್ಮ ಅಭಿಪ್ರಾಯವೂ. ಹೊತ್ತಿಗೆ ಸರಿಯಾಗಿ ಆಯಿಲ್, ಫಿಲ್ಟರ್, ಕೂಲೆಂಟ್ ನೋಡಿಕೊಂಡ ಡೀಸೆಲ್ ಎಂಜಿನ್ ಬೇಗ ಕೈಕೊಡುವುದಿಲ್ಲ.

ನಮ್ಮ ಜಿಲ್ಲೆಯವರಿಗೆ ಸ್ಪ್ಯಾನರ್ ಹಿಡಿಯುವುದು ಹೊಸದಲ್ಲ. ಟ್ರ್ಯಾಕ್ಟರು, ಡೀಸೆಲ್ ಪಂಪ್‌ಸೆಟ್ಟು, ಟಿಲ್ಲರು ಕೆಟ್ಟರೆ ಗದ್ದೆಯ ಬದುವಿನ ಮೇಲೇ ಕೂತು ಸರಿಮಾಡುವ ಜನ ನೀವು. ನಮ್ಮ ಚಿಂತೆ ಹುಟ್ಟಿದ್ದೂ ಅಲ್ಲಿಂದಲೇ. ಟ್ರ್ಯಾಕ್ಟರಿಗೆ ಏರ್ ಹಿಡಿದರೆ, ಅಂದರೆ ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿಕೊಂಡರೆ, ಏನು ಮಾಡುತ್ತೀರಿ? ನಾಝಲ್‌ಗೆ ಹೋಗುವ ಪೈಪಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ, ಸೆಲ್ಫ್ ಹೊಡೆದು, ಗುಳ್ಳೆ ಹೋಗಿ ಡೀಸೆಲ್ ಬಂದ ಮೇಲೆ ಬಿಗಿ ಮಾಡುತ್ತೀರಿ. ಹಳೆಯ ಪಂಪಿನ ಎಂಜಿನ್‌ಗಳಿಗೆ ಅದು ಸರಿಯಾದ ಕ್ರಮ, ಅಲ್ಲೂ ಕೈ ಅಡ್ಡ ಹಿಡಿಯಬಾರದು ಅಷ್ಟೆ. ಅದೇ ಕೆಲಸವನ್ನು ಸ್ವಿಫ್ಟ್ ಡೀಸೆಲ್ ಅಥವಾ ಇನ್ನೋವಾ ಬಾನೆಟ್ ಎತ್ತಿ ಮಾಡಿದರೆ ಕೈ ಹೋಗುತ್ತದೆ. "ಅಣ್ಣ, ನಟ್ ಒಸಿ ಲೂಸ್ ಮಾಡಿವ್ನಿ, ಈಗ ಸೆಲ್ಫ್ ಹೊಡೀಲಾ?" ಎಂದು ಫೋನ್ ಬಂದಾಗಲೆಲ್ಲ ಈ ಕಡೆ ನಮ್ಮ ಎದೆ ಧಸಕ್ಕೆನ್ನುತ್ತದೆ.

ಲೆಕ್ಕ ನೋಡಿ. ನಿಮ್ಮ ಕಾರಿನ ಟೈರಿಗೆ ಹಾಕುವ ಗಾಳಿ 30ರಿಂದ 35 ಪಿಎಸ್‌ಐ. ಕಾಮನ್ ರೈಲ್ ಎಂಜಿನ್ನಿನಲ್ಲಿ ಪಂಪಿನಿಂದ ರೈಲಿಗೆ, ರೈಲಿನಿಂದ ಇಂಜೆಕ್ಟರಿಗೆ ಹೋಗುವ ಉಕ್ಕಿನ ಪೈಪಿನೊಳಗೆ ಪೂರ್ತಿ ಲೋಡಿನಲ್ಲಿ 1,400 ಬಾರ್ ಒತ್ತಡ ಇರುತ್ತದೆ, ಕೆಲವು ಎಂಜಿನ್‌ಗಳಲ್ಲಿ ಇನ್ನೂ ಹೆಚ್ಚು. 1,400 ಬಾರ್ ಅಂದರೆ 20,000 ಪಿಎಸ್‌ಐಗೂ ಮೇಲೆ. ಐಡಲ್‌ನಲ್ಲಿ ನಿಂತಿದ್ದಾಗಲೂ ನೂರಾರು ಬಾರ್ ಇರುತ್ತದೆ. ಈ ಒತ್ತಡದಲ್ಲಿ ಸಣ್ಣ ಸಂದಿಯಿಂದ ಹೊರಬಿದ್ದ ಡೀಸೆಲ್ ಕಣ್ಣಿಗೆ ಕಾಣದಷ್ಟು ತೆಳು. ಗ್ಲೌಸನ್ನೂ ಚರ್ಮವನ್ನೂ ತೂರಿಕೊಂಡು ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟು ಗುರುತು. ಮೊದಲಿಗೆ ನೋವೂ ಅಷ್ಟಾಗಿ ಇರುವುದಿಲ್ಲ, ಅದಕ್ಕೇ ಜನ ಒರೆಸಿಕೊಂಡು ಸುಮ್ಮನಾಗುತ್ತಾರೆ. ಒಳಗೆ ಡೀಸೆಲ್ ಮಾಂಸವನ್ನು ಕೊಲ್ಲುತ್ತಾ ಹೋಗುತ್ತದೆ, ಗಂಟೆಗಳು ಕಳೆದಂತೆ ಬೆರಳು ಉಳಿಯುವ ಭರವಸೆ ಕಡಿಮೆಯಾಗುತ್ತದೆ. ಯಾರಿಗಾದರೂ ಹೀಗಾದರೆ ಅರಿಶಿನ ಹಚ್ಚಿ ಕೂರಬೇಡಿ, ಹಿಂಡಿ ತೆಗೆಯಲೂ ಹೋಗಬೇಡಿ. ಮಂಡ್ಯದಲ್ಲಾದರೆ ನೇರವಾಗಿ ಮಿಮ್ಸ್ ಆಸ್ಪತ್ರೆ, ಮೈಸೂರಿನಲ್ಲಾದರೆ ಕೆ.ಆರ್. ಆಸ್ಪತ್ರೆ, "ಪ್ರೆಶರ್‌ನಲ್ಲಿ ಡೀಸೆಲ್ ಕೈಯೊಳಗೆ ನುಗ್ಗಿದೆ" ಎಂದು ಡಾಕ್ಟರಿಗೆ ಸ್ಪಷ್ಟವಾಗಿ ಹೇಳಿ. ಇದಕ್ಕೆ ಬೇಕಾಗುವುದು ತುರ್ತು ಆಪರೇಷನ್.

ನಿಮ್ಮದು ಯಾವ ಬಗೆಯ ಎಂಜಿನ್ ಎಂಬುದು ಹಿಂದಿನ ಡಿಕ್ಕಿಯ ಮೇಲಿನ ಅಕ್ಷರದಿಂದಲೇ ಎಷ್ಟೋ ಸಲ ತಿಳಿಯುತ್ತದೆ. ಡಿಡಿಐಎಸ್, ಡಿ-4ಡಿ, ಸಿಆರ್‌ಡಿಐ, ಸಿಆರ್‌ಡಿಇ, ಡೈಕೋರ್, ಕ್ವಾಡ್ರಾಜೆಟ್, ಟಿಡಿಸಿಐ ಎಂದಿದ್ದರೆ ಕಾಮನ್ ರೈಲ್. ಮೊದಲ ಕಾಲದ ಇಂಡಿಕಾ, ಕ್ವಾಲಿಸ್, ಡೀಸೆಲ್ ಅಂಬಾಸಿಡರ್ ಹಳೆಯ ಪದ್ಧತಿಯವು. ಅನುಮಾನ ಇದ್ದರೆ ಫೋಟೋ ಕಳಿಸಿ, ಹೇಳುತ್ತೇವೆ.

ಇಂಜೆಕ್ಟರ್ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ಅದರೊಳಗಿನ ಸೂಜಿಗೂ ಗೂಡಿಗೂ ನಡುವಿನ ಅಂತರ ಒಂದೆರಡು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಒಂದೆರಡು ಭಾಗ. ಅಂಗಳದಲ್ಲಿ ಬಿಚ್ಚಿದಾಗ ಕೂರುವ ಧೂಳೇ ಅದನ್ನು ಕೆಡಿಸಲು ಸಾಕು. ಅನೇಕ ಎಂಜಿನ್‌ಗಳಲ್ಲಿ ಹೊಸ ಇಂಜೆಕ್ಟರಿನ ಕೋಡನ್ನು ಸ್ಕ್ಯಾನರಿನಿಂದ ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರಿಗೆ) ಬರೆಯಬೇಕು. ಬರೆಯದಿದ್ದರೆ ಎಂಜಿನ್ ನಡುಗುತ್ತದೆ, ಹೊಗೆ ಬರುತ್ತದೆ, ದುಬಾರಿ ಮಾಲು ಹಾಕಿಯೂ ಸುಖವಿಲ್ಲ. ಬಿಚ್ಚಿದ ಹೈ ಪ್ರೆಶರ್ ಪೈಪನ್ನು ಮತ್ತೆ ಬಳಸಬೇಡಿ ಎಂದು ಹಲವು ತಯಾರಕರು ಹೇಳುತ್ತಾರೆ. ಕೌಂಟರ್ ವ್ಯಾಪಾರ ಕಡಿಮೆಯಾಗುತ್ತದೆ ಎಂದು ಗೊತ್ತಿದ್ದೇ ಸಂಘದ ಸದಸ್ಯರು ಈ ತೀರ್ಮಾನಕ್ಕೆ ಕೈ ಎತ್ತಿದರು.

ಹಾಗಾದರೆ ಏರ್ ತೆಗೆಯುವುದು ಹೇಗೆ ಎಂದು ಕೇಳುತ್ತೀರಿ. ಕಾಮನ್ ರೈಲ್ ಗಾಡಿಯಲ್ಲಿ ಟ್ಯಾಂಕಿನಿಂದ ಫಿಲ್ಟರ್‌ವರೆಗಿನ ಕಡಿಮೆ ಒತ್ತಡದ ಭಾಗದಲ್ಲಿ ಮಾತ್ರ ನಿಮ್ಮ ಕೈ ಇರಲಿ. ಫಿಲ್ಟರಿನ ಬಳಿ ಕೈ ಪಂಪ್ ಇದ್ದರೆ ಅದು ಗಟ್ಟಿಯಾಗುವವರೆಗೆ ಒತ್ತಿ. ಟ್ಯಾಂಕಿನೊಳಗೆ ವಿದ್ಯುತ್ ಪಂಪ್ ಇರುವ ಗಾಡಿಯಲ್ಲಿ ಸೆಲ್ಫ್ ಹೊಡೆಯದೆ ಕೀ ಆನ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆಫ್ ಮಾಡಿ, ಹೀಗೆ ನಾಲ್ಕೈದು ಸಲ. ಆಮೇಲೆ ಸೆಲ್ಫ್, ಅದೂ ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ. ಅದಕ್ಕೂ ಸ್ಟಾರ್ಟ್ ಆಗದಿದ್ದರೆ ನಿಲ್ಲಿಸಿ, ನಮಗೆ ಫೋನ್ ಮಾಡಿ, ಟೋ ಮಾಡಿಸಿಕೊಂಡು ಬನ್ನಿ. ಡೀಸೆಲ್ ಫಿಲ್ಟರಿನ ಅಡಿಯ ಪ್ಲಗ್ ಸಡಿಲಿಸಿ ನೀರು ಬಿಡುವ ಕೆಲಸವನ್ನು ಎಂಜಿನ್ ಆರಿಸಿ ನೀವೇ ಮಾಡಬಹುದು, ಮಾಡಬೇಕು. ಗಾಜಿನ ಲೋಟಕ್ಕೆ ಹಿಡಿಯಿರಿ. ನೀರು ತಳಕ್ಕೆ ಕೂರುತ್ತದೆ, ಡೀಸೆಲ್ ಮೇಲೆ ತೇಲುತ್ತದೆ. ಕಾರು ಹೆಚ್ಚಾಗಿ ನಿಂತೇ ಇರುವುದಾದರೆ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ, ಖಾಲಿ ಜಾಗದಲ್ಲೇ ತೇವ ಕಟ್ಟುವುದು. ಸೀಮೆಎಣ್ಣೆ ಬೆರೆಸುವ ಹಳೇ ಚಾಳಿ ಯಾರಿಗಾದರೂ ಉಳಿದಿದ್ದರೆ ದಯವಿಟ್ಟು ಬಿಡಿ. ಪಂಪಿನೊಳಗೆ ಜಾರುವಿಕೆ ಕೊಡುವುದೇ ಡೀಸೆಲ್. ಸೀಮೆಎಣ್ಣೆಗೆ ಆ ಗುಣ ಕಡಿಮೆ, ಪಂಪ್ ಉಜ್ಜಿ ಹೋಗುತ್ತದೆ.

ಜಾಕಿಯ ವಿಷಯ. ಸ್ಟೆಪ್ನಿ ಬದಲಿಸಲೆಂದು ಕಂಪನಿ ಕೊಟ್ಟ ಜಾಕಿ ಗಾಡಿಯನ್ನು ಎತ್ತುವುದಕ್ಕಷ್ಟೇ. ಅದರ ಮೇಲೆ ನಿಂತ ಗಾಡಿಯ ಕೆಳಗೆ ತಲೆ, ಕೈ, ಕಾಲು ಯಾವುದೂ ಹೋಗಕೂಡದು. ಹೈಡ್ರಾಲಿಕ್ ಜಾಕಿಯ ಒಳಗೆ ಭಾರ ಹೊರುವುದು ಒಂದು ರಬ್ಬರ್ ಸೀಲ್. ಅದು ಸೋರಿದರೆ ಟನ್ ತೂಕದ ಗಾಡಿ ಹೇಳದೆ ಕೇಳದೆ ಇಳಿಯುತ್ತದೆ. ಇಟ್ಟಿಗೆ, ಹಾಲೋ ಬ್ಲಾಕ್, ಸೈಜುಗಲ್ಲು ಜೋಡಿಸುವವರನ್ನು ಕಂಡಿದ್ದೇವೆ. ಬ್ಲಾಕ್ ಬಾಗುವುದಿಲ್ಲ, ಎಚ್ಚರಿಕೆ ಕೊಡುವುದಿಲ್ಲ, ಒಮ್ಮೆಲೇ ಪುಡಿಯಾಗುತ್ತದೆ. ಮಣ್ಣಿನ ಅಂಗಳದಲ್ಲಿ ಸ್ಟ್ಯಾಂಡಿನ ಕಾಲೂ ಹೂತುಹೋಗುತ್ತದೆ, ಆದ್ದರಿಂದ ಸಿಮೆಂಟಿನ ಸಮನೆಲ ಬೇಕು. ನಮ್ಮ ಬಹುತೇಕ ಕಾರುಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರವನ್ನು. ಹಿಂಭಾಗ ಎತ್ತಿದಿರೋ, ಹ್ಯಾಂಡ್ ಬ್ರೇಕ್ ಇದ್ದೂ ಇಲ್ಲದಂತೆ. ಅದಕ್ಕೇ ಆ ಮರದ ತುಂಡುಗಳನ್ನು ಕಡ್ಡಾಯ ಮಾಡಿದ್ದು. ಸ್ಟ್ಯಾಂಡ್ ಕೊಟ್ಟ ಮೇಲೆ ಗಾಡಿಯನ್ನು ಕೈಯಿಂದ ಜೋರಾಗಿ ಅಲ್ಲಾಡಿಸಿ ನೋಡಿ. ಬೀಳುವುದಿದ್ದರೆ ನೀವು ಹೊರಗಿರುವಾಗಲೇ ಬೀಳಲಿ.

ಆಯಿಲ್ ಚೇಂಜ್ ಮನೆಯಲ್ಲಿ ಮಾಡುವವರು ಅಳತೆ ಮರೆಯಬೇಡಿ. 1.3 ಲೀಟರ್ ಡೀಸೆಲ್ ಎಂಜಿನ್‌ಗೆ ಬೇಕಾಗುವುದು 3 ಲೀಟರಿನ ಆಸುಪಾಸು, ದೊಡ್ಡ ಎಂಜಿನ್‌ಗಳಿಗೆ ಹೆಚ್ಚು. ಡಬ್ಬದಲ್ಲಿ ಇರುವುದನ್ನೆಲ್ಲ ಸುರಿಯದೆ ಡಿಪ್ ಸ್ಟಿಕ್ಕಿನ ಎರಡು ಗುರುತಿನ ಮಧ್ಯೆ ನಿಲ್ಲಿಸಿ. ಆಯಿಲ್ ವಿಪರೀತ ಹೆಚ್ಚಾದರೆ ಅಥವಾ ಟರ್ಬೊ ಸೀಲ್ ಹೋದರೆ ಅದು ಗಾಳಿಯ ದಾರಿಯಲ್ಲಿ ಎಂಜಿನ್ ಸೇರುತ್ತದೆ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ, ಒತ್ತಿದ ಗಾಳಿಯ ಬಿಸಿಗೇ ಉರಿಯುತ್ತದೆ. ಹಾಗಾಗಿ ಆ ಆಯಿಲನ್ನೇ ಉರಿಸಿಕೊಂಡು ಎಂಜಿನ್ ಕಿರುಚುತ್ತಾ ಏರುತ್ತದೆ. ಕೀ ಆಫ್ ಮಾಡಿದರೆ ಡೀಸೆಲ್ ನಿಲ್ಲುತ್ತದೆ, ಎಂಜಿನ್ ನಿಲ್ಲುವುದಿಲ್ಲ. ಹಾಗಾದಾಗ ಸೀಟಿನಲ್ಲೇ ಇದ್ದರೆ ಮೇಲಿನ ಗೇರ್ ಹಾಕಿ, ಬ್ರೇಕ್ ಪೂರ್ತಿ ತುಳಿದು, ಕ್ಲಚ್ ಬಿಟ್ಟುಬಿಡಿ, ಎಂಜಿನ್ ಉಸಿರುಕಟ್ಟಿ ನಿಲ್ಲುತ್ತದೆ. ಹೊರಗಿದ್ದರೆ ಗಾಳಿ ಎಳೆಯುವ ಬಾಯಿಗೆ ಕೈ ಅಡ್ಡ ಇಡಬೇಡಿ, ದೂರ ಸರಿಯಿರಿ. ಎಂಜಿನ್ ಹೋದರೆ ಹೋಗಲಿ.

ಏರ್ ಫಿಲ್ಟರ್ ಬಗ್ಗೆ ಕಬ್ಬು ಕಟಾವಿನ ಕಾಲದಲ್ಲಿ ವಿಶೇಷ ಗಮನ ಬೇಕು. ಆ ಧೂಳಿನಲ್ಲಿ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ನಂಬಬೇಡಿ, ಬಿಚ್ಚಿ ನೋಡಿ. ಫಿಲ್ಟರ್ ಕಟ್ಟಿದರೆ ಕಪ್ಪು ಹೊಗೆ. ಎಮಿಷನ್ ಟೆಸ್ಟಿನಲ್ಲಿ ಬಿಎಸ್-4ಕ್ಕಿಂತ ಹಿಂದಿನ ಡೀಸೆಲ್ ಗಾಡಿಗೆ 65 ಎಚ್‌ಎಸ್‌ಯು, ಬಿಎಸ್-4ಕ್ಕೆ 50 ಎಚ್‌ಎಸ್‌ಯು ಹೊಗೆಯ ಮಿತಿ (ಹೊಗೆ ಎಷ್ಟು ದಟ್ಟ ಎಂದು ಅಳೆಯುವ ಮಾನ ಎಚ್‌ಎಸ್‌ಯು); ಫೇಲಾಗಿ ಬರುವ ಗಾಡಿಗಳಲ್ಲಿ ನಾವು ಮೊದಲು ನೋಡುವುದೇ ಈ ಫಿಲ್ಟರನ್ನು. ಗದ್ದೆ ಪಕ್ಕದ ಮನೆಯವರು ಅದೇ ಹೊತ್ತಿನಲ್ಲಿ ವೈರಿಂಗ್ ಕಡೆಗೂ ಕಣ್ಣಾಡಿಸಿ, ಕಬ್ಬು ಕಡಿದ ಮೇಲೆ ಇಲಿಗಳು ಬಾನೆಟ್ಟಿನೊಳಗೆ ಸೇರುತ್ತವೆ.

ಬೋರ್‌ವೆಲ್ ನೀರನ್ನು ರೇಡಿಯೇಟರಿಗೆ ಹಾಕಬೇಡಿ. ನಮ್ಮ ಕಡೆಯ ನೀರು ಗಡಸು. ಪಾತ್ರೆಯಲ್ಲಿ ಕಟ್ಟುವ ಬಿಳಿ ಪದರವೇ ರೇಡಿಯೇಟರ್ ಕೊಳವೆಯಲ್ಲೂ ಕಟ್ಟುತ್ತದೆ. 2023ರಲ್ಲಿ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಆದ ಮೇಲೆ ಇದರ ಪರಿಣಾಮ ಚೆನ್ನಾಗಿ ಕಾಣುತ್ತಿದೆ. ಊರೊಳಗೆ 40ರಲ್ಲಿ ಓಡಾಡುತ್ತಿದ್ದ ಗಾಡಿಯನ್ನು ಒಂದೇ ಸಮನೆ 100ರಲ್ಲಿ ಓಡಿಸಿದಾಗ ಅರ್ಧ ಕಟ್ಟಿದ ರೇಡಿಯೇಟರ್ ಸೋಲುತ್ತದೆ. ಬಿಸಿಯಾಗಿರುವಾಗ ಮುಚ್ಚಳ ತೆಗೆಯಬಾರದು ಎಂಬುದು ನಿಮಗೆ ಗೊತ್ತಿದ್ದದ್ದೇ. ಟೈರಿನ ವಯಸ್ಸನ್ನೂ ನೋಡಿಕೊಳ್ಳಿ: ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2317 ಎಂದಿದ್ದರೆ 2017ರ 23ನೇ ವಾರದಲ್ಲಿ ತಯಾರಾದದ್ದು. ಬಟನ್ (ಟೈರಿನ ಮೇಲಿನ ಅಚ್ಚು) ಎಷ್ಟೇ ಉಳಿದಿರಲಿ, ಅಷ್ಟು ಹಳೆಯ ಟೈರಿನಲ್ಲಿ ದಶಪಥಕ್ಕೆ ಹೋಗಬೇಡಿ.

ಬಿಚ್ಚಿದ ವೇಸ್ಟ್ ಆಯಿಲನ್ನು ಎಲ್ಲಿ ಹಾಕುತ್ತೀರಿ ಎಂಬುದೂ ನಮ್ಮ ಕಾಳಜಿಯೇ. ಮೋರಿಗೆ ಹೋದರೆ ಅದು ಕೊನೆಗೆ ಸೇರುವುದು ನಾಲೆಗೆ, ನಾಲೆಯಿಂದ ಯಾರದೋ ಗದ್ದೆಗೆ. ಗೆದ್ದಲು ಬಾರದಿರಲಿ ಎಂದು ಕೊಟ್ಟಿಗೆಯ ಮರಕ್ಕೆ ಹಚ್ಚುವುದೂ ಬೇಡ, ದನ ನೆಕ್ಕುತ್ತವೆ. ಹಳೇ ಕೂಲೆಂಟ್ ಇನ್ನೂ ಕೆಟ್ಟದ್ದು. ಅದರಲ್ಲಿರುವ ಗ್ಲೈಕಾಲ್ ಸಿಹಿಯಾಗಿರುವುದರಿಂದ ನಾಯಿ, ಬೆಕ್ಕು ನೆಕ್ಕಿ ಸಾಯುತ್ತವೆ, ಮಕ್ಕಳಿಗೂ ಅದು ವಿಷ. ಕಾನೂನಿನಲ್ಲೂ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯವೇ. ಇನ್ನು ಮುಂದೆ ಆಯಿಲ್, ಕೂಲೆಂಟ್, ಫಿಲ್ಟರ್, ಹಳೇ ಬ್ಯಾಟರಿಯನ್ನು ಯಾವ ದಿನವಾದರೂ ನಮ್ಮಲ್ಲಿಗೆ ತಂದುಕೊಡಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೆ ನಾವು ತಲುಪಿಸುತ್ತೇವೆ, ನಿಮಗೆ ಖರ್ಚಿಲ್ಲ. ಆಯಿಲ್ ಮತ್ತು ಕೂಲೆಂಟ್ ಬೇರೆ ಬೇರೆ ಕ್ಯಾನಿನಲ್ಲಿರಲಿ, ಬೆರೆಸಿದರೆ ಆಯಿಲನ್ನು ಮತ್ತೆ ಶುದ್ಧ ಮಾಡುವುದು ಕಷ್ಟ.

"ಹತ್ತು ವರ್ಷ ಆಯ್ತು, ಗುಜರಿಗೆ ಹಾಕ್ಬೇಕಂತಲ್ಲ" ಎಂದು ಕೇಳುವವರು ಬಹಳ ಜನ. ಹತ್ತು ವರ್ಷದ ಆ ಮಾತು ಹುಟ್ಟಿದ್ದು ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶದಲ್ಲಿ. ನಮ್ಮಲ್ಲಿ ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ; ಆಮೇಲೆ ಆರ್‌ಟಿಓದಲ್ಲಿ ಎಫ್‌ಸಿ ಮಾಡಿಸಿ, ಶುಲ್ಕ ಮತ್ತು ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ನವೀಕರಿಸಬಹುದು. ಈ ಹೆದರಿಕೆಯಲ್ಲಿ ಚೆನ್ನಾಗಿರುವ ಗಾಡಿಯನ್ನು ಮೂರು ಕಾಸಿಗೆ ಮಾರಬೇಡಿ, ಅವಧಿ ಮುಗಿಯುವ ಮುಂಚೆ ಒಮ್ಮೆ ನಮಗೆ ತೋರಿಸಿ.

ಭಾನುವಾರದ ಬೇ ಬಾಡಿಗೆ ಗಂಟೆಗೆ 150 ರೂಪಾಯಿ, ಟೂಲ್ಸ್ ನಮ್ಮದೇ. ಆಯಿಲ್, ಎಲ್ಲ ಬಗೆಯ ಫಿಲ್ಟರ್, ಕೂಲೆಂಟ್, ಬ್ಯಾಟರಿ ಟರ್ಮಿನಲ್, ಬೆಲ್ಟ್ ನೋಡುವುದು, ಚಕ್ರ ಬಿಚ್ಚಿ ಬ್ರೇಕ್ ಲೈನರ್ ತಪಾಸಣೆ, ಇಷ್ಟನ್ನು ನೀವೇ ಮಾಡಬಹುದು. ಟೈಮಿಂಗ್ ಬೆಲ್ಟ್ ಬದಲಿಸುವುದನ್ನು ನಮಗೆ ಬಿಡಿ. ಹೊರಡುವ ಮುಂಚೆ ಡ್ರೈನ್ ಪ್ಲಗ್, ಚಕ್ರದ ನಟ್ಟು, ಬ್ರೇಕ್ ಮೂರನ್ನೂ ಮೆಕ್ಯಾನಿಕ್ ಪರೀಕ್ಷಿಸಿಯೇ ಬಿಡುತ್ತಾರೆ. ಮನೆಯಲ್ಲಿ ಹೆಣ್ಣುಮಕ್ಕಳು ಕಾರು ಓಡಿಸುವುದಾದರೆ ಅವರನ್ನೂ ಕರೆತನ್ನಿ, ಸ್ಟೆಪ್ನಿ ಬದಲಿಸುವುದನ್ನು ಅವರ ಕೈಯಲ್ಲೇ ಮಾಡಿಸಿ ಕಲಿಸುತ್ತೇವೆ. ಚಪ್ಪಲಿ, ಪಂಚೆ, ಸಡಿಲ ತೋಳಿನ ಬಟ್ಟೆ ಬೇಡ; ಶೂ ಹಾಕಿಕೊಂಡು ಬನ್ನಿ. ಗಾಡಿಯ ಮಾಲೀಕರ ಕೈಪಿಡಿ ಇದ್ದರೆ ತನ್ನಿ, ಆಯಿಲ್ ಗ್ರೇಡನ್ನು ಅದರಲ್ಲೇ ನೋಡಿ ತೀರ್ಮಾನಿಸೋಣ. ಶನಿವಾರ ಸಂಜೆಯೊಳಗೆ ಎಂದಿನ ನಂಬರಿಗೆ ಫೋನ್ ಮಾಡಿ ಹೊತ್ತು ಹೇಳಿದರೆ ಕಾಯುವುದು ತಪ್ಪುತ್ತದೆ.

ಇತಿ ನಿಮ್ಮ ವಿಶ್ವಾಸಿಗಳು,
ಕಾರ್ಯದರ್ಶಿ ಮತ್ತು ಸದಸ್ಯ ಮೆಕ್ಯಾನಿಕ್‌ಗಳು