ಅಗ್ಗದ ಷೇರಿಗೆ ಅನ್ವಯವೇ ಆಗದ ಶೇ 0.30 ದರ: ಬ್ರೋಕರೇಜ್ ಹೋಲಿಕೆ ಪಟ್ಟಿಯ ಬಗ್ಗೆ ದೂರು

ಗೆ,
ಕಂಪ್ಲಯನ್ಸ್ ಅಧಿಕಾರಿಗಳು,
ಗ್ರಾಹಕರ ದೂರು ವಿಭಾಗ

ವಿಷಯ: ಕಡಿಮೆ ಬೆಲೆಯ ಷೇರುಗಳ ಡೆಲಿವರಿ ವಹಿವಾಟಿನಲ್ಲಿ (ಕೊಂಡ ಷೇರನ್ನು ಡಿಮ್ಯಾಟ್ ಖಾತೆಗೇ ಪಡೆಯುವ ವಹಿವಾಟು) ದರಪಟ್ಟಿಗಿಂತ ಹೆಚ್ಚು ಬ್ರೋಕರೇಜ್ (ಬ್ರೋಕರ್ ಶುಲ್ಕ) ಕಡಿತ, ವ್ಯತ್ಯಾಸದ ಹಣ ಮರಳಿಸುವ ಬಗ್ಗೆ

ಮಾನ್ಯರೇ,

ನಿಮ್ಮ ದರಪಟ್ಟಿಯಲ್ಲಿ ಎರಡು ಪ್ಲಾನ್‌ಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದ್ದೀರಿ. ಒಂದರಲ್ಲಿ ವಹಿವಾಟಿನ ಮೊತ್ತದ ಶೇ 0.30, ಇನ್ನೊಂದರಲ್ಲಿ ಆರ್ಡರ್‌ಗೆ 20 ರೂಪಾಯಿ. ನನ್ನ ಖಾತೆ ಇರುವುದು ಮೊದಲನೆಯದರಲ್ಲಿ. ಉದಾಹರಣೆಗೆ ಆರಿಸಿಕೊಂಡಿರುವುದು 500 ರೂಪಾಯಿಯ ಹತ್ತು ಷೇರು. ಅದಕ್ಕೆ ಮೊದಲನೆಯದರಲ್ಲಿ 15 ರೂಪಾಯಿ, ಎರಡನೆಯದರಲ್ಲಿ 20. ಲೆಕ್ಕ ತಪ್ಪಿಲ್ಲ. ಆದರೆ ಅದೇ ಪುಟದ ಕೆಳತುದಿಯಲ್ಲಿ, ಕಣ್ಣು ಕಿರಿದು ಮಾಡಿ ಓದಬೇಕಾದ ಅಕ್ಷರದಲ್ಲಿ, ‘ಪ್ರತಿ ಷೇರಿಗೆ ಕನಿಷ್ಠ 5 ಪೈಸೆ’ ಎಂದಿದೆ. ಖಾತೆ ತೆರೆಯುವಾಗ ಸಹಿ ಹಾಕಿಸಿಕೊಂಡ ದರದ ಹಾಳೆಯಲ್ಲಿ ಈ ಸಾಲು ಇಲ್ಲ. ದೂರು ಇರುವುದು ಇಲ್ಲೇ.

5 ಪೈಸೆ ಎಂಬುದು 16 ರೂಪಾಯಿ 67 ಪೈಸೆಯ ಶೇ 0.30. ಎಂದರೆ ಅದಕ್ಕಿಂತ ಕಡಿಮೆ ಬೆಲೆಯ ಯಾವ ಷೇರಿಗೂ ನೀವು ಹೇಳುವ ಶೇ 0.30 ಅನ್ವಯವಾಗುವುದೇ ಇಲ್ಲ. ಬೆಲೆ ಇಳಿದಷ್ಟೂ ನಿಜವಾದ ದರ ಏರುತ್ತದೆ: 10 ರೂಪಾಯಿಯ ಷೇರಿಗೆ ಶೇ 0.50, 5 ರೂಪಾಯಿಯದಕ್ಕೆ ಶೇ 1, 1 ರೂಪಾಯಿಯದಕ್ಕೆ ಶೇ 5. ಅದೂ ಖರೀದಿ ಅಥವಾ ಮಾರಾಟ ಎಂಬ ಒಂದು ಬದಿಗೆ ಮಾತ್ರ, ಜಿಎಸ್‌ಟಿ ಬಿಟ್ಟು.

ಲಗತ್ತಿಸಿರುವ ಎರಡು ಕಾಂಟ್ರಾಕ್ಟ್ ನೋಟ್‌ಗಳನ್ನು (ವಹಿವಾಟಿಗೆ ನೀವು ಕೊಡುವ ಲೆಕ್ಕದ ಚೀಟಿ) ನೋಡಿ. 2.40 ರೂಪಾಯಿಗೆ 10,000 ಷೇರು ಖರೀದಿ, ಮೊತ್ತ 24,000. ಶೇ 0.30ರಂತೆ ಬ್ರೋಕರೇಜ್ 72 ರೂಪಾಯಿ ಆಗಬೇಕಿತ್ತು, ಕಡಿತವಾಗಿರುವುದು 500. ಅದೇ ಷೇರನ್ನು 2.50ಕ್ಕೆ ಮಾರಿದಾಗ 75ರ ಬದಲು ಮತ್ತೆ 500. ಎರಡೂ ಬದಿ ಸೇರಿ ಹೆಚ್ಚುವರಿ 853 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ 153.54, ಒಟ್ಟು 1,006.54. ಷೇರಿಗೆ ಹತ್ತು ಪೈಸೆಯಂತೆ ಬಂದ ಲಾಭ 1,000 ರೂಪಾಯಿ. ನಿಮ್ಮ ಬ್ರೋಕರೇಜ್ ಮತ್ತು ಅದರ ಜಿಎಸ್‌ಟಿ 1,180. ಎಸ್‌ಟಿಟಿ (ಷೇರು ವಹಿವಾಟಿನ ಮೇಲಿನ ತೆರಿಗೆ), ಮುದ್ರಾಂಕ ಶುಲ್ಕದ ಮಾತು ಬರುವ ಮೊದಲೇ ವಹಿವಾಟು ನಷ್ಟಕ್ಕೆ ಬಿದ್ದಿದೆ.

2.40ಕ್ಕೆ ಕೊಂಡ ಈ ಷೇರಿನಲ್ಲಿ ಅಸಲು ಕೈಗೆ ಬರಬೇಕಾದರೆ ಬೆಲೆ ಎಷ್ಟು ಏರಬೇಕು ಎಂಬುದನ್ನೂ ನೋಡೋಣ. ಷೇರೊಂದಕ್ಕೆ ಎರಡು ಬದಿಯ ಬ್ರೋಕರೇಜ್ 10 ಪೈಸೆ, ಜಿಎಸ್‌ಟಿ 1.80 ಪೈಸೆ. ಡೆಲಿವರಿಗೆ ಎರಡೂ ಬದಿ ಶೇ 0.1ರ ಎಸ್‌ಟಿಟಿ ಸುಮಾರು ಅರ್ಧ ಪೈಸೆ. ಖರೀದಿಯ ಮೇಲಿನ ಶೇ 0.015 ಮುದ್ರಾಂಕ ಶುಲ್ಕ, ಎಕ್ಸ್‌ಚೇಂಜ್ ಶುಲ್ಕಗಳು ಲೆಕ್ಕಕ್ಕೇ ಸಿಗದಷ್ಟು ಸಣ್ಣವು. ಒಟ್ಟು 12.3 ಪೈಸೆ, ಬೆಲೆ 2.523 ದಾಟಬೇಕು, ಅಂದರೆ 2.53 ಮುಟ್ಟಬೇಕು. ಶೇ 5ರ ಸರ್ಕ್ಯೂಟ್ ಮಿತಿಯಲ್ಲಿರುವ ಷೇರು ಒಂದು ದಿನದಲ್ಲಿ ಏರಬಹುದಾದದ್ದು 2.52ರವರೆಗೆ. ಅಂದರೆ ಅಪ್ಪರ್ ಸರ್ಕ್ಯೂಟ್ (ಆ ದಿನದ ಮೇಲಿನ ಮಿತಿ) ಹೊಡೆದರೂ ನಿಮ್ಮ ಶುಲ್ಕ ತೀರುವುದಿಲ್ಲ! ಆರ್ಡರ್‌ಗೆ 20 ರೂಪಾಯಿಯ ಪ್ಲಾನ್‌ನಲ್ಲಿ ಇದೇ 10,000 ಷೇರಿನಲ್ಲಿ ಷೇರೊಂದಕ್ಕೆ ಬೀಳುವ ಖರ್ಚು ಸುಮಾರು 1 ಪೈಸೆ. ಮಾರುವಾಗಿನ ಡಿಪಿ ಚಾರ್ಜ್ (ಡಿಮ್ಯಾಟ್ ಖಾತೆಯಿಂದ ಷೇರು ತೆಗೆಯುವ ಶುಲ್ಕ) ಎರಡು ಪ್ಲಾನ್‌ಗೂ ಒಂದೇ ಆದ್ದರಿಂದ ಅದನ್ನು ಬಿಟ್ಟಿದ್ದೇನೆ.

20 ರೂಪಾಯಿಯ ಪ್ಲಾನೇ ಎಲ್ಲರಿಗೂ ಒಳ್ಳೆಯದು ಎಂದೇನಲ್ಲ. ಇಂಥ ಅಗ್ಗದ ಷೇರನ್ನು 400ಕ್ಕಿಂತ ಕಡಿಮೆ ಕೊಳ್ಳುವವರಿಗೆ ಪ್ರತಿ ಷೇರಿಗೆ 5 ಪೈಸೆಯೇ ಅಗ್ಗ. ಸರ್ಕ್ಯೂಟ್‌ನಲ್ಲಿ ಸಿಲುಕಿದ ಷೇರಿನಲ್ಲಿ ಆರ್ಡರ್ ಒಂದೇ ದಿನಕ್ಕೆ ಪೂರ್ತಿಯಾಗದೆ ಮೂರು ದಿನ ಹಾಕಬೇಕಾಗಿ ಬಂದು, ಮೂರು ದಿನವೂ ಸ್ವಲ್ಪ ಸ್ವಲ್ಪ ಸಿಕ್ಕರೆ 20 ರೂಪಾಯಿ ಮೂರು ಸಲ ಬೀಳುತ್ತದೆ. ಇದನ್ನೂ ನಿಮ್ಮ ಪಟ್ಟಿ ಹೇಳುವುದಿಲ್ಲ.

ನಿಮ್ಮ ಗ್ರಾಹಕ ಸೇವೆಯಿಂದ ಬಂದ ಉತ್ತರ ‘ಕಡಿತ ನಿಯಮದ ಮಿತಿಯೊಳಗೇ ಇದೆ’ ಎಂಬುದು. ಮಿತಿ ಏನೆಂದು ಗೊತ್ತಿದೆ: ಬ್ರೋಕರೇಜ್ ಶೇ 2.5 ಮೀರುವಂತಿಲ್ಲ, 10 ರೂಪಾಯಿ ಅಥವಾ ಅದಕ್ಕಿಂತ ಕಡಿಮೆ ಬೆಲೆಯ ಷೇರಿಗೆ ಗರಿಷ್ಠ 25 ಪೈಸೆ. ಆದರೆ ಅದು ಯಾವ ಬ್ರೋಕರೂ ದಾಟಬಾರದ ಗೆರೆ, ನನ್ನೊಂದಿಗೆ ನೀವು ಒಪ್ಪಿಕೊಂಡ ದರವಲ್ಲ. ಒಪ್ಪಿಕೊಂಡದ್ದು ಶೇ 0.30. ಕೇಳಿದ ಪ್ರಶ್ನೆಗೆ ಅದು ಉತ್ತರವೇ ಅಲ್ಲ.

ಆದ್ದರಿಂದ 1,006.54 ರೂಪಾಯಿಯನ್ನು ನನ್ನ ಖಾತೆಯ ಲೆಡ್ಜರ್‌ಗೆ ಮರಳಿ ಜಮಾ ಮಾಡಿ. ಹಾಗೆ ಮಾಡುವಾಗ ಪ್ರತಿ ಷೇರಿನ ಬ್ರೋಕರೇಜನ್ನು ನಾಲ್ಕು ದಶಮಾಂಶ ಸ್ಥಾನದವರೆಗೆ, ಅಂದರೆ ಖರೀದಿಗೆ 0.0072 ರೂಪಾಯಿ ಎಂದೇ ಇಡಿ. ಎರಡು ಸ್ಥಾನಕ್ಕೆ ದುಂಡು ಮಾಡಿದರೆ ಅದು 1 ಪೈಸೆಯಾಗಿ, ಖರೀದಿಯ 72 ರೂಪಾಯಿ ಸದ್ದಿಲ್ಲದೆ 100 ಆಗುತ್ತದೆ. ಕಡಿಮೆ ಬೆಲೆಯ ಷೇರಿನಲ್ಲಿ ಸೋರುವುದು ಇಂಥ ಕಡೆಯೇ. ಸಹಿ ಮಾಡಿದ ಹಾಳೆಯಲ್ಲಿ ‘ಕನಿಷ್ಠ 5 ಪೈಸೆ’ ಇತ್ತು ಎನ್ನುವುದಾದರೆ ಆ ಪುಟದ ಪ್ರತಿ ಕಳುಹಿಸಿ. ಹಣ ಮರಳಿಸಿದ ಮೇಲೆ ಖಾತೆಯನ್ನು ಆರ್ಡರ್‌ಗೆ 20 ರೂಪಾಯಿಯ ಪ್ಲಾನ್‌ಗೆ ಬದಲಾಯಿಸಿ, ಬದಲಾವಣೆ ಯಾವ ದಿನದಿಂದ ಜಾರಿ ಎಂಬುದನ್ನು ಇಮೇಲ್‌ನಲ್ಲಿ ತಿಳಿಸಿ.

ಹೋಲಿಕೆ ಪಟ್ಟಿಯಲ್ಲಿ ಕನಿಷ್ಠ ದರವನ್ನು ಶೇ 0.30ರ ಪಕ್ಕದಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ ಹಾಕಬೇಕು. ನಿಮ್ಮ ಬ್ರೋಕರೇಜ್ ಕ್ಯಾಲ್ಕ್ಯುಲೇಟರ್‌ನಲ್ಲಿ ಮೊತ್ತವೊಂದನ್ನೇ ಕೇಳಿದರೆ ಸಾಲದು. ಷೇರಿನ ಬೆಲೆ ಮತ್ತು ಸಂಖ್ಯೆ ಬೇರೆ ಬೇರೆ ಕೇಳದೆ ಈ ವ್ಯತ್ಯಾಸ ಅದರಲ್ಲಿ ಕಾಣಿಸುವುದೇ ಇಲ್ಲ. 24,000 ರೂಪಾಯಿಗೆ 48 ಷೇರು ಕೊಂಡರೂ 10,000 ಕೊಂಡರೂ ಅದು ತೋರಿಸುವುದು ಒಂದೇ 72.

ಉತ್ತರ ಲಿಖಿತವಾಗಿರಲಿ, ಫೋನ್ ಕರೆ ಬೇಡ. ಹದಿನೈದು ದಿನದೊಳಗೆ ಬಾರದಿದ್ದರೆ ಇದೇ ಲೆಕ್ಕ ಮತ್ತು ಲಗತ್ತುಗಳೊಂದಿಗೆ ಷೇರು ಮಾರುಕಟ್ಟೆ ನಿಯಂತ್ರಕ ಸೆಬಿಯ ಸ್ಕೋರ್ಸ್ ಪೋರ್ಟಲ್‌ನಲ್ಲಿ ದೂರು ದಾಖಲಿಸುತ್ತೇನೆ. ಅಲ್ಲೂ ಬಗೆಹರಿಯದಿದ್ದರೆ ಆನ್‌ಲೈನ್ ವ್ಯಾಜ್ಯ ಪರಿಹಾರ ವೇದಿಕೆಯಾದ ಸ್ಮಾರ್ಟ್ ಒಡಿಆರ್‌ಗೆ ಹೋಗುತ್ತೇನೆ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಖರೀದಿ ಮತ್ತು ಮಾರಾಟದ ಕಾಂಟ್ರಾಕ್ಟ್ ನೋಟ್‌ಗಳು, ಸಹಿ ಮಾಡಿದ ದರದ ಹಾಳೆ, ಹೋಲಿಕೆ ಪುಟದ ಸ್ಕ್ರೀನ್‌ಶಾಟ್, ಗ್ರಾಹಕ ಸೇವೆಯ ಉತ್ತರ