ಗೋಮಾಳದ ದಾರಿ ಮುಚ್ಚಬೇಡಿ

ಮಾನ್ಯರೇ,

ನಮ್ಮೂರಿನ ದನ ಮೇಯುವ ಸರ್ಕಾರಿ ಜಾಗ, ಅಂದರೆ ಗೋಮಾಳಕ್ಕೆ ತಂತಿ ಬೇಲಿ ಬಿದ್ದಿದೆ. ಒಳಗೆ ಖಾಸಗಿ ಗೋದಾಮು ಏಳುತ್ತಿದೆ. ಊರಿಗೆಲ್ಲ ಸೇರಿದ ಜಾಗವನ್ನು ಹೀಗೆ ಒಬ್ಬರ ವ್ಯಾಪಾರಕ್ಕೆ ಬಿಟ್ಟುಕೊಡುವುದು ಸರಿಯಲ್ಲ.

ಕೆರೆಗೆ ಹೋಗುವ ಕಾಲುದಾರಿಯೂ ಬೇಲಿಯೊಳಗೇ ಸೇರಿಹೋಗಿದೆ. ಪಕ್ಕದ ಮನೆಯ ಅಜ್ಜಿ ನಾಲ್ಕು ಮೇಕೆ ಹೊಡೆದುಕೊಂಡು ಈಗ ಲಾರಿ ಓಡಾಡುವ ಟಾರು ರಸ್ತೆಯಲ್ಲೇ ಸುತ್ತಿ ಬರಬೇಕು. ಒಂದು ಮರಿ ಆಗಲೇ ಚಕ್ರಕ್ಕೆ ಸಿಕ್ಕಿ ಸತ್ತಿತು.

ನೂರು ರಾಸುಗಳಿಗೆ ಸುಮಾರು 30 ಎಕರೆ ಗೋಮಾಳ ಇರಬೇಕೆಂದು 1966ರ ಕರ್ನಾಟಕ ಭೂಕಂದಾಯ ನಿಯಮಗಳೇ ಹೇಳುತ್ತವೆ. ‘ರಾಸು ಕಡಿಮೆಯಾಗಿವೆ, ಜಾಗ ಜಾಸ್ತಿ ಇದೆ’ ಎನ್ನುತ್ತಾರೆ ಗೋಮಾಳ ಬಿಟ್ಟುಕೊಡುವವರು. ಮೇಯಿಸಲು ಜಾಗವಿಲ್ಲದೆ ತಾನೇ ಜನ ಹಸು ಮಾರಿದ್ದು, ಅಲ್ವಾ? ಗ್ರಾಮದ ಸಾಮೂಹಿಕ ಜಮೀನಿನ ಒತ್ತುವರಿ ತೆರವು ಮಾಡಿ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಎಲ್ಲ ರಾಜ್ಯಗಳಿಗೆ ಹೇಳಿದೆ.

ಗೋಮಾಳವನ್ನು ಬೇರೆ ಕೆಲಸಕ್ಕೆ ಕೊಡುವ ಮೊದಲು ಗ್ರಾಮಸಭೆ ಕರೆದು ಒಪ್ಪಿಗೆ ಪಡೆಯುವುದನ್ನು ಸರ್ಕಾರ ಕಡ್ಡಾಯ ಮಾಡಲಿ. ಸರ್ವೆ ಮಾಡಿಸಿ, ಗಡಿಕಲ್ಲು ನೆಟ್ಟು, ಸರ್ವೆ ನಂಬರ್ ಬರೆದ ಫಲಕ ಹಾಕಲಿ. ಅದಕ್ಕೂ ಮೊದಲು ಕೆರೆಯ ದಾರಿಯನ್ನು ಈ ವಾರವೇ ಬಿಡಿಸಿಕೊಡಲಿ.

– ಒಬ್ಬ ರೈತ, ತುಮಕೂರು ಜಿಲ್ಲೆ