ಜಿಂಕೆ ಇಲ್ಲದ ಡೀರ್ ಪಾರ್ಕಿನಿಂದ

ಪ್ರೀತಿಯ ಗುಂಡ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಮೆಸೇಜಿಗೆ ಹೆಬ್ಬೆಟ್ಟು ಒತ್ತಿ ಸುಮ್ಮನಾಗುತ್ತೀಯ. ಅದಕ್ಕೇ ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ. ಮರ್ಯಾದೆಗಾದರೂ ಅಂಜಿ ಉತ್ತರ ಕೊಡು.

ಮಗಳನ್ನು ವೇಲ್ಸಿನ ಸ್ವಾನ್ಸೀ ಊರಿಗೆ ಕರೆದುಕೊಂಡು ಹೋಗಿ ಹಾಸ್ಟೆಲಿಗೆ ಬಿಟ್ಟೆವು. ಕುಕ್ಕರು, ಚಟ್ನಿಪುಡಿ ಎಲ್ಲ ಇಳಿಸಿದ ಮೇಲೆ "ಸರಿ, ನೀವಿನ್ನು ಹೊರಡಿ" ಎಂದಳು. ಹೊರಟೆವು. ಆದರೆ ಇಂಗ್ಲೆಂಡಿನ ರೆಡಿಂಗ್ ಊರಿನ ನಮ್ಮ ಮನೆಗಲ್ಲ. ವೇಲ್ಸಿನ ಪಶ್ಚಿಮದ ತುದಿಗೆ, ಪೆಂಬ್ರೋಕ್‌ಶೈರಿಗೆ. ಅಲ್ಲಿ ಕಡಲಂಚಿನಲ್ಲೇ 186 ಮೈಲಿ ಕಾಲುದಾರಿ ಇದೆ, 1970ರಲ್ಲಿ ತೆರೆದದ್ದು. ನಾವು ನಡೆದದ್ದು ಅದರ ಚೂರೇ ಚೂರು, ಮಾರ್ಲೋಸ್ ಹಳ್ಳಿಯ ಆಚೆ ಡೀರ್ ಪಾರ್ಕ್ ಎನ್ನುವ ಭೂಶಿರದ ಸುತ್ತ. ಹೆಸರಷ್ಟೇ, ಜಿಂಕೆ ಒಂದೂ ಇಲ್ಲ.

ಇವಳಿಗೆ ಪಫಿನ್ ಹಕ್ಕಿ ನೋಡುವ ಆಸೆ. ಎದುರಿನ ಸ್ಕೋಮರ್ ದ್ವೀಪದಲ್ಲಿ ಸಾವಿರಾರು ಗೂಡು ಮಾಡುತ್ತವೆ. ಆದರೆ ಆಗಸ್ಟ್ ಹೊತ್ತಿಗೇ ಕಡಲಿಗೆ ಹೊರಟುಬಿಡುತ್ತವೆ. ನಾವು ಹೋದದ್ದು ಸೆಪ್ಟೆಂಬರ್ ಕೊನೆಗೆ. ಸಿಕ್ಕಿದ್ದು ಚಫ್. ಕಾಗೆಯೇ ಕಣೋ, ಆದರೆ ಕೊಕ್ಕು, ಕಾಲು ಎರಡೂ ಕೆಂಪು. ಗಿಡ್ಡ ಹುಲ್ಲು ಕೆದಕಿ ಹುಳ ಹೆಕ್ಕುತ್ತಿತ್ತು. ನಮ್ಮನ್ನು ಲೆಕ್ಕಕ್ಕೇ ಇಡಲಿಲ್ಲ.

ಕೆಳಗೆ, ಕಲ್ಲಿನ ದಂಡೆಯಲ್ಲಿ, ಕಡಲಪ್ರಾಣಿಗಳಾದ ಗ್ರೇ ಸೀಲ್‌ಗಳು ಮರಿ ಹಾಕುವ ಕಾಲ. ಮರಿ ಬೆಳ್ಳಗೆ. ತಾಯಿ ಹಾಲು ಕೊಡುವುದು ಮೂರೇ ವಾರ. ಹಾಲಿನಲ್ಲಿ ಅರ್ಧದಷ್ಟು ಕೊಬ್ಬು. ಅಷ್ಟು ದಿನ ತಾನು ಹೆಚ್ಚುಕಡಿಮೆ ಉಪವಾಸ. ಆಮೇಲೆ ಕಡಲಿಗೆ ಇಳಿದು ಹೋದರೆ ತಿರುಗಿ ನೋಡುವುದಿಲ್ಲ. ಈಜು, ಬೇಟೆ ಏನೂ ಹೇಳಿಕೊಡುವುದೂ ಇಲ್ಲ. ಹಸಿವು ತಡೆಯದೆ ಒಂದು ದಿನ ಮರಿ ತಾನೇ ನೀರಿಗಿಳಿಯುತ್ತದೆ.

ಇಲ್ಲಿ ನಾನು ಅತ್ತುಬಿಟ್ಟೆ ಅಂತ ಬರೆಯುತ್ತೇನೆ ಅಂದುಕೊಂಡೆ ಅಲ್ವಾ? ಇಲ್ಲ. ಮರಿಯ ಚಿಂತೆ ನನಗೆ ಬರಲೇ ಇಲ್ಲ. ನಮ್ಮಿಬ್ಬರದೇ ಚಿಂತೆ.

"ನೋಡ್ರೀ, ಅಲ್ಲೊಂದು." "ಎಲ್ಲಿ?" "ಆ ಬಂಡೆ ಪಕ್ಕ." ಅಷ್ಟೇ ಮಾತು. ಸೀಲ್ ಕಾಣದ ಕಡೆ ಮಾತೂ ಇಲ್ಲ, ಬರೀ ಗಾಳಿ. ಇಷ್ಟು ವರ್ಷ ಫೀಸು, ಜ್ವರ, ಪರೀಕ್ಷೆ, ಯಾರು ಡ್ರಾಪ್ ಮಾಡುವುದು ಅಂತ ಮಾತಾಡಿದ್ದೇ ಮಾತಾಡಿದ್ದು. ಅದೆಲ್ಲ ಅವಳ ಸಾಮಾನಿನ ಜೊತೆಗೇ ಇಳಿಸಿ ಬಂದ ಹಾಗಿತ್ತು. ಒಂದು ಕಡೆ ಸುಮ್ಮನಿರಲಾಗದೆ "ಅಗೋ, ದೊಡ್ಡದು" ಎಂದು ಕೈ ತೋರಿಸಿದೆ. ಅದು ಬಂಡೆ ಅಂತ ನನಗೆ ಗೊತ್ತಿತ್ತು ಗುಂಡ. ಇವಳು ಬೈನಾಕ್ಯುಲರ್ ಎತ್ತಿ ತುಂಬಾ ಹೊತ್ತು ನೋಡಿದಳು. ಆಮೇಲೆ ಹೇಳಿದಳು, "ಹೂಂ, ಈಗ ಅಲ್ಲಾಡಿತು."

ಸಾಕು. ಇದನ್ನು ಇವಳೂ ಓದುತ್ತಾಳೆ. ಮಗಳೂ ಓದಿ "ಅಪ್ಪಾ, ಪ್ಲೀಸ್, ಡಿಲೀಟ್" ಅನ್ನುತ್ತಾಳೆ.

ಅಂದಹಾಗೆ, ದಂಡೆಯ ಮೇಲೆ ಹೊಟ್ಟೆ ಬಿಟ್ಟುಕೊಂಡು ಮಲಗಿದ್ದ ಗಂಡು ಸೀಲ್ ಒಂದಿತ್ತು. ಥೇಟ್ ನೀನೇ, ತಂಗಿ ಮದುವೆಯ ಊಟ ಆದಮೇಲೆ. ಫೋಟೋ ಹಾಕಿದ್ದೇನೆ. ಬೀರೂರಿನ ಛತ್ರಿ ವಿಷಯ ಮಾತ್ರ ಇಲ್ಲಿ ಎಲ್ಲರ ಎದುರು ಎತ್ತಬೇಡ, ದಮ್ಮಯ್ಯ.

ನಿನ್ನವನೇ,
ಮಂಡಿನೋವಿನ ಮಹಾರಾಜ